ಲಿಸ್ಬನ್ನಿಗೆ ಹೊರಡುವ ಮುನ್ನ

ಪೋರ್ಚುಗಲ್ ಪ್ರವಾಸಕ್ಕೆ ಮುಂಚೆ ಡೇವಿಡ್ ಬರ್ಮಿಂಗ್‌ಹ್ಯಾಮ್ ಅವರ ‘ಎ ಕನ್ಸೈಸ್ ಹಿಸ್ಟರಿ ಆಫ್ ಪೋರ್ಚುಗಲ್’ (1993) ಓದಿದೆ. 1640ರಲ್ಲಿ ಸ್ಪೇನ್ ವಿರುದ್ಧ ಎದ್ದ ದಂಗೆಗೆ ಒಂದು ಪೂರ್ತಿ ಅಧ್ಯಾಯ. ಅದಕ್ಕೂ ಹಿಂದಿನದೆಲ್ಲ ಸೇರಿ ಹೆಚ್ಚುಕಡಿಮೆ ಒಂದೇ ಅಧ್ಯಾಯ. ಶಾಲೆಯಲ್ಲಿ ನಾವು ಉರು ಹೊಡೆದ ವಾಸ್ಕೋ ಡ ಗಾಮನ ಕಾಲ ಅಲ್ಲೇ ಮುಗಿದುಹೋಗುತ್ತದೆ. ಲೇಖಕರು ಆಫ್ರಿಕಾದ ಇತಿಹಾಸ ಬರೆದವರು, ಅವರ ಗಮನ ಬ್ರೆಜಿಲ್ ಮತ್ತು ಅಂಗೋಲಾ ಕಡೆಗೆ. ತಪ್ಪಲ್ಲ. ಸ್ಟೇಟಸ್ ರಿಪೋರ್ಟ್ ಬರೆದೇ ಸಂಬಳ ಎಣಿಸುವ ನನಗೆ ಗೊತ್ತು, ಏನು ಬಿಟ್ಟೆವು ಅನ್ನುವುದರಲ್ಲೇ ನಮ್ಮ ಅಭಿಪ್ರಾಯ ಅಡಗಿರುತ್ತದೆ.

ಕೊನೆಯ ಅಧ್ಯಾಯಗಳು ಮಾತ್ರ ಅದ್ಭುತ. ಲಿಸ್ಬನ್ನಿನ ಕಾರ್ಮೊ ಚೌಕದಲ್ಲಿ 1755ರ ಭೂಕಂಪಕ್ಕೆ ಚಾವಣಿ ಕಳೆದುಕೊಂಡ ಚರ್ಚಿನ ಫೋಟೊ ಎಲ್ಲರೂ ತೆಗೆಯುತ್ತಿದ್ದರು. ನಾನು ಪಕ್ಕದ ಪೊಲೀಸ್ ಬ್ಯಾರಕ್ಕನ್ನೇ ನೋಡುತ್ತ ನಿಂತೆ. 1974ರ ಏಪ್ರಿಲ್ 25ರಂದು ಪ್ರಧಾನಿ ಕೇತಾನೊ ಶರಣಾಗಿದ್ದು ಅದರೊಳಗೆ. ಸರ್ವಾಧಿಕಾರ ಕುಸಿದದ್ದು ಯಾಕೆ, ಆಫ್ರಿಕಾದ ಯುದ್ಧಗಳಿಂದ ಸೈನಿಕರೇ ಯಾಕೆ ಬೇಸತ್ತರು ಅನ್ನುವುದು ಪುಸ್ತಕ ಓದಿದ್ದರಿಂದ ತಿಳಿದಿತ್ತು.

ಆದರೆ ಗೋವಾ? 1510ರಿಂದ 1961ರವರೆಗೆ ಆಳಿದ ನೆಲದ ಬಗ್ಗೆ ನನಗೆ ಸಿಕ್ಕಿದ್ದು ತೀರ ಕಡಿಮೆ. ಮೇಜು, ಚಾವಿ, ಪಗಾರ ನಮಗೆ ಬಂದದ್ದು ಆ ಭಾಷೆಯಿಂದ. ಹೋಟೆಲಿನಾಕೆ ಕಿಟಕಿ ತೋರಿಸಿ ‘ಜನೆಲಾ’ ಅಂದಾಗ ಕಾರವಾರದ ಅಜ್ಜಿಯ ‘ಜನೇಲ’ ನೆನಪಾಗಿ ನಕ್ಕುಬಿಟ್ಟೆ. ಹೋಗುವವರು ಇದನ್ನು ಓದಿ. ಗೋವಾದ ಮೇಲಿನ ಇನ್ನೊಂದು ಪುಸ್ತಕವೂ ಬ್ಯಾಗಿನಲ್ಲಿರಲಿ.