ಕೊಲ್ಹಾಪುರದ ಕೇಶವರಾವ ಭೋಸಲೆ ನಾಟ್ಯಗೃಹ: ಕೆಲವು ವಿಚಾರಗಳು

ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕನ್ನಡಿಗರಿಗೆ ನಾಟಕ ನೋಡುವುದೆಂದರೆ ಎರಡು ಭಾಷೆಗಳ ವ್ಯವಹಾರ. ಊರ ಜಾತ್ರೆಯಲ್ಲಿ ಕನ್ನಡದ ಸಣ್ಣಾಟ, ಪಾರಿಜಾತ; ನಗರದ ನಾಟ್ಯಗೃಹದಲ್ಲಿ ಮರಾಠಿಯ ಸಂಗೀತ ನಾಟಕ. ಎರಡನ್ನೂ ಒಂದೇ ಕಿವಿಯಿಂದ ಕೇಳಿದವರಿಗೆ, ರಂಗಭೂಮಿಯ ಚರಿತ್ರಕಾರರು ಇವುಗಳ ನಡುವೆ ಎಳೆದ ಗೆರೆ ಅಷ್ಟು ನೇರವಾಗಿ ಕಾಣುವುದಿಲ್ಲ.

ಮರಾಠಿ ಕಂಪನಿಗಳ ಅಬ್ಬರಕ್ಕೆ ಪ್ರತಿಯಾಗಿ ಶಾಂತಕವಿಗಳು ಗದಗಿನಲ್ಲಿ ನಾಟಕ ಮಂಡಳಿ ಕಟ್ಟಿದ ಸಂಗತಿಯನ್ನು ನಮ್ಮ ಗ್ರಂಥಗಳು ಅಭಿಮಾನದಿಂದ ಹೇಳುತ್ತವೆ. ಅದು ನಿಜ, ಆದರೆ ಅರ್ಧ ನಿಜ. ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ ಆಡಿಸಿದ್ದಕ್ಕೆ ಪ್ರೇರಣೆ ಉತ್ತರ ಕನ್ನಡದ ಭಾಗವತರ ಆಟ. ಸೂತ್ರಧಾರ ಪದ ಹಾಡುವುದು, ಪಾತ್ರಧಾರಿಗಳು ಸಮಯೋಚಿತವಾಗಿ ಮಾತು ಕಟ್ಟುವುದು, ನಡುವೆ ವಿದೂಷಕನ ಹಾಸ್ಯ: ಯಕ್ಷಗಾನ ಬಲ್ಲವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಲ್ಹಾಪುರದ ನಾಟ್ಯಗೃಹದ ಕಥೆಯೂ ಇದೇ ಬಗೆಯದು. ಶಾಹೂ ಮಹಾರಾಜರು ಖಾಸಬಾಗ ಕುಸ್ತಿ ಮೈದಾನದ ಮಗ್ಗುಲಲ್ಲೇ ಇದನ್ನು ಕಟ್ಟಿಸಿದರು (ಮಲ್ಲನಿಗೂ ನಟನಿಗೂ ಒಂದೇ ನೆರೆ ಕೊಟ್ಟ ಅರಸ ಬೇರೊಬ್ಬನಿದ್ದಾನೆಯೆ?). 1915ರಲ್ಲಿ ತೆರೆದಾಗ ಇದರ ಹೆಸರು ಪ್ಯಾಲೇಸ್ ಥಿಯೇಟರ್. ಈಗ ಯಾರ ಹೆಸರನ್ನು ಹೊತ್ತಿದೆಯೋ ಆ ಕೇಶವರಾವ ಭೋಸಲೆಯವರು ‘ಲಲಿತಕಲಾದರ್ಶ’ ನಾಟಕ ಮಂಡಳಿಯನ್ನು 1908ರಲ್ಲಿ ಸ್ಥಾಪಿಸಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಆಗ ಅವರಿಗೆ ಹದಿನೆಂಟೂ ತುಂಬಿರಲಿಲ್ಲ. 1921ರಲ್ಲಿ ತಿಲಕ ಸ್ವರಾಜ್ಯ ನಿಧಿಗಾಗಿ ಮುಂಬಯಿಯಲ್ಲಿ ಬಾಲಗಂಧರ್ವರೊಡನೆ ‘ಮಾನಾಪಮಾನ’ದಲ್ಲಿ ಧೈರ್ಯಧರನಾಗಿ ಹಾಡಿ, ಅದೇ ವರ್ಷ ತೀರಿಕೊಂಡರು. ಮರಾಠಿ ಕಂಪನಿಯೊಂದು ಕನ್ನಡದ ಊರಿನಲ್ಲಿ ಹುಟ್ಟಿ ಬದುಕಬಲ್ಲದಾಗಿತ್ತು ಎಂಬುದು ನನಗೆ ದೊಡ್ಡ ಸಂಗತಿ. ಮರಾಠಿ ನಾಟಕಕ್ಕೆ ದುಡ್ಡು ಕೊಟ್ಟು ಕೂರುವ ಪ್ರೇಕ್ಷಕರು ಅಲ್ಲಿದ್ದರೆಂದಲ್ಲವೆ ಅದರ ಅರ್ಥ?

ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಟ್ಟಿದ ರಂಗವಿದು. ನಟನ ಕಂಠ ಕೊನೆಯ ಸಾಲಿನವರೆಗೆ ತಾನೇ ನಡೆದುಹೋಗಬೇಕಿತ್ತು. ಕೇಶವರಾವರ ತಾರಸ್ವರದ ಗಾಯನವನ್ನು ಕೇವಲ ಅಲಂಕಾರವೆಂದು ತಿಳಿಯುವ ವಿಮರ್ಶಕರು ಇದನ್ನು ಮರೆಯುತ್ತಾರೆ. ಆ ಏರುದನಿಯನ್ನು ಅರ್ಧಭಾಗ ಬೇಡಿದ್ದು ಸಭಾಗೃಹವೇ. ಇತ್ತೀಚಿನ ಪ್ರಯೋಗಗಳಲ್ಲಿ ನಟ ಬಲಗಡೆ ನಿಂತು ಮಾತಾಡಿದರೆ ದನಿ ಗೋಡೆಯ ಪೆಟ್ಟಿಗೆಯಿಂದ ಬರುತ್ತದೆ. ಕಣ್ಣು ಒಂದೆಡೆ, ಕಿವಿ ಇನ್ನೊಂದೆಡೆ. ಇದನ್ನು ಸೌಕರ್ಯವೆನ್ನಬಹುದು, ಸುಧಾರಣೆಯೆನ್ನಲಾರೆ.

2024ರ ಆಗಸ್ಟ್ 8ರ ರಾತ್ರಿ ಈ ನಾಟ್ಯಗೃಹ ಬೆಂಕಿಗೆ ಆಹುತಿಯಾಯಿತು. ಮರುದಿನವೇ ಕೇಶವರಾವರ ಜಯಂತಿ. ಪುನರ್ನಿರ್ಮಾಣದ ಮಾತು ಬಂದಾಗಲೆಲ್ಲ ಮುಖಮಂಟಪ ಹಿಂದಿನಂತೆಯೇ ಇರಲಿ ಎಂಬ ಆಗ್ರಹ ಕೇಳಿಬರುತ್ತದೆ. ಇರಲಿ. ಆದರೆ ಹಿಂದಿನಂತೆ ಇರಬೇಕಾದ್ದು ಮೊದಲು ರಂಗಕ್ಕೂ ಕೊನೆಯ ಸಾಲಿಗೂ ಇದ್ದ ಅಂತರ, ಬರಿಯ ಕಂಠಕ್ಕೆ ಓಗೊಡುವ ಗೋಡೆ. ಕಲ್ಲನ್ನು ಕಲ್ಲಿನಂತೆ ಕೂರಿಸುವುದು ಕಷ್ಟವಲ್ಲ. ದನಿಯನ್ನು ಕೂರಿಸುವುದು ಕಷ್ಟ.

ಅಲ್ಲಿ ಬರೆಯುವ ಕೇಶವರಾವರ ಜೀವನಪಟದಲ್ಲಿ ಹುಬ್ಬಳ್ಳಿಯ ಹೆಸರೂ ಕಾಣಬೇಕೆಂದು ಗಡಿಭಾಗದ ಕನ್ನಡ ಸಂಘಗಳು ಕೇಳಬಹುದು. ಕೇಳುವುದಾದರೆ ಮರಾಠಿಯಲ್ಲೇ ಅರ್ಜಿ ಬರೆಯೋಣ. ನಮಗೆ ಅದೂ ಬರುತ್ತದೆ.