ಹೊಸ್ತಿಲ ಮೇಲಿನ ಲಹರಿ

ಇಂಗ್ಲಿಷಿನ ‘ವಿಮ್ಸಿಕಲ್’ ಎಂಬ ಗುಣವಾಚಕ ಕನ್ನಡ ವಿಮರ್ಶೆಯೊಳಗೂ ಸಲೀಸಾಗಿ ನುಸುಳಿದೆ. ಮಕ್ಕಳ ಪುಸ್ತಕದ ಚೆಂದದ ಚಿತ್ರಕ್ಕೂ ಅದೇ, ತಲೆಬುಡವಿಲ್ಲದ ನಾಟಕಕ್ಕೂ ಅದೇ. ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದರೆ ‘ಚಂಚಲ’, ‘ವಿಲಕ್ಷಣ’ ಎಂಬ ಉತ್ತರ ಬರುತ್ತದೆ. ಎರಡೂ ಬೈಗುಳದ ಪಕ್ಕದ ಮಾತು. ಕೋರ್ಟಿನಲ್ಲಿ ಅಧಿಕಾರಿಯ ಆದೇಶವನ್ನು ‘ವಿಮ್ಸಿಕಲ್’ ಎಂದು ಕರೆದರೆ ಅದು ದೂರೇ ಸರಿ. ಅದಕ್ಕೆ ನಮ್ಮಲ್ಲಿ ‘ಮನಸೋಇಚ್ಛೆ’ ಇದೆ, ‘ತುಘಲಕ್ ದರ್ಬಾರು’ ಇದೆ. 1327ರ ಸುಮಾರಿಗೆ ರಾಜಧಾನಿಯನ್ನು ದಿಲ್ಲಿಯಿಂದ ದೇವಗಿರಿಗೆ ಎಬ್ಬಿಸಿಕೊಂಡು ಬಂದ ಸುಲ್ತಾನನನ್ನು ನಮ್ಮ ನುಡಿ ಇನ್ನೂ ಮರೆತಿಲ್ಲ. ಆದರೆ ಕಲೆಯ ಮಾತು ಬಂದಾಗ ಆ ಪದ ಮೆಚ್ಚುಗೆ. ಅಲ್ಲಿ ಕಲ್ಪನೆ ಇರಬೇಕು, ಅದು ಆಡಬೇಕು, ಯಾರನ್ನೂ ಹೆದರಿಸಬಾರದು.

ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅದರ ಬಾಯಿ ಸಿಂಹದ ಬಾಯಿ, ಹಲ್ಲಿನ ನಡುವೆ ಸಿಕ್ಕಿದ್ದು ಆನೆ. ಕಲ್ಪನೆ ಅಪಾರ, ಆದರೆ ಆಟವಿಲ್ಲ. ಎದುರು ನಿಂತವನ ಎದೆ ಒಡೆಯಲೆಂದೇ ಮಾಡಿದ್ದು. ಶಿಶುನಾಳ ಶರೀಫರ (1819–1889) ತತ್ವಪದದಲ್ಲಿ ಕೋಳಿ ಕೋಡಗವನ್ನು ನುಂಗುತ್ತದೆ. ನುಂಗುವುದು ಇಲ್ಲೂ ಇದೆ, ಆದರೆ ಮಕ್ಕಳು ಕುಣಿಯುತ್ತಾರೆ. ಅರ್ಥ ಹುಡುಕುವವರಿಗೆ ಒಳಗೆ ಗುರುಬೋಧೆ ಕಾದಿದೆ. ಆ ಇಂಗ್ಲಿಷ್ ಪದದ ಹತ್ತಿರಕ್ಕೆ ಬರುವುದು ಈ ಎರಡನೆಯದೇ, ಅದೂ ಅರ್ಧ ದಾರಿಯವರೆಗೆ ಮಾತ್ರ.

ಪೂರ್ತಿ ದಾರಿ ನಡೆದದ್ದನ್ನು ನಾನು ಕಂಡದ್ದು ವಿಜಯಪುರ ಜಿಲ್ಲೆಯ ಕಳ್ಳಕವಟಗಿಯ ಒಂದು ಮದುವೆಮನೆಯಲ್ಲಿ. ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳುವ ಒಡಪು ನಮ್ಮ ಕಡೆಯ ಹಳೆಯ ಪದ್ಧತಿ. ಗಡಿಯಾಚೆ ಮರಾಠಿಯಲ್ಲಿ ಅದು ‘ಉಖಾಣೆ’. ಮೊದಲ ಸಾಲಿಗೂ ಗಂಡನಿಗೂ ಏನೂ ಸಂಬಂಧ ಇರಬೇಕಾಗಿಲ್ಲ. ಎಲ್ಲಿಂದಾದರೂ ಹೊರಡಬಹುದು, ಆದರೆ ಪ್ರಾಸ ತಪ್ಪದೆ ಹೆಸರಿಗೇ ಬಂದು ಸೇರಬೇಕು. ಕಟ್ಟು ಇಷ್ಟು ಬಿಗಿಯಾಗಿರುವುದರಿಂದಲೇ ಜಿಗಿತಕ್ಕೆ ಬೆಲೆ. ಕಟ್ಟಿಲ್ಲದ ಹುಚ್ಚಾಟವನ್ನು ಅದೇ ಪದದಿಂದ ಹೊಗಳುವವರು ಒಮ್ಮೆ ಒಡಪು ಕೇಳಬೇಕು. ಇಂಥ ಗುಣಕ್ಕೆ ‘ಲಹರಿ’ ಎಂದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಲಹರಿ ಬಂದವನನ್ನು ಕನ್ನಡ ಬೈಯುವುದಿಲ್ಲ, ಕಾದು ಕೇಳುತ್ತದೆ.

ಅಂದು ನಾದಿನಿಯರು ಬಾಗಿಲಿಗೆ ಕೈ ಅಡ್ಡ ಹಿಡಿದು, “ಹೆಸರ ಹೇಳಿ ಒಳಗ ಬಾ” ಎಂದರು. ಮದುಮಗಳು ಮೊಬೈಲಿನಲ್ಲಿ ಕಲಿತಿದ್ದ ಗುಲಾಬಿ, ಚಂದ್ರ, ಬೆಳದಿಂಗಳಿನ ಒಡಪು ಒಪ್ಪಿಸಿದಳು. ಪ್ರಾಸ ಸರಿಯಿತ್ತು. ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ಮುದುಕಿ, “ಇದನ್ನ ಎಲ್ಲಾರೂ ಹೇಳ್ತಾರವಾ, ನಿಂದು ಹೇಳು” ಎಂದಳು.

ಹುಡುಗಿ ಸುತ್ತ ನೋಡಿದಳು. ಮನೆಯ ಹಿಂದೆ ಒಣದ್ರಾಕ್ಷಿ ಶೆಡ್ಡು, ಅಂತಸ್ತಂತಸ್ತಾಗಿ ಕಟ್ಟಿದ ಬಲೆ, ಏಪ್ರಿಲ್ ಬಿಸಿಲು. ಸೂರ್ಯ ದಣಿದು ಆ ಬಲೆಯ ಮೇಲೆ ಮಲಗಿದನಂತೆ, ಬೆಳಗಾಗುವಷ್ಟರಲ್ಲಿ ಅವನೂ ಸುಕ್ಕಾಗಿ ಒಣದ್ರಾಕ್ಷಿಯಾದನಂತೆ, ಅವನನ್ನು ಆರಿಸಿ ತಂದವನೇ ತನ್ನ ಗಂಡನಂತೆ. ಹೆಸರು ಪ್ರಾಸಕ್ಕೆ ಸರಿಯಾಗಿ ಬಂದು ಕೂತಿತು. ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ನಾದಿನಿಯರ ಕೈ ಬಾಗಿಲಿನಿಂದ ತಾನಾಗಿ ಇಳಿಯಿತು.