ಬಿಟ್ಟ ಸ್ಥಳ ಮತ್ತು ಆಡುಮಾತು
'ಬಿಟ್ಟ ಸ್ಥಳ ತುಂಬಿರಿ' ಎಂಬ ಪ್ರಶ್ನೆಗಾಗಿ ಸ್ಪರ್ಧಾ ಪರೀಕ್ಷೆಯ ಕೈಪಿಡಿಗಳು ಸಮಾನಾರ್ಥಕ ಪದಗಳ ಉದ್ದನೆಯ ಪಟ್ಟಿ ಕೊಡುತ್ತವೆ. ಬಾಯಿಪಾಠ ಮಾಡಿದವನಿಗೆ ಪದ ದೊರೆತೀತು. ಅದರ ನೆರೆಹೊರೆ ದೊರೆಯದು. ಪಟ್ಟಿಯಲ್ಲಿ ಹೊಲವೂ ಗದ್ದೆಯೂ ಒಂದೇ. ಆದರೆ 'ಹಿಂಗಾರಿ ಜೋಳಕ್ಕೆ …… ಹದವಾಯಿತು' ಎಂದರೆ ಸಿಂದಗಿಯ ಹುಡುಗ ಗದ್ದೆಯೆನ್ನಲಾರ. ಗದ್ದೆ ಭತ್ತದ ನಂಟಿನ ಮಾತು.

ಒಮ್ಮೆ ಮುದ್ದೇಬಿಹಾಳದ ಕಡೆಯ ವಿದ್ಯಾರ್ಥಿಯೊಬ್ಬ 'ಎತ್ತಿಗೆ ಜೋಳದ …… ಹಾಕಿದರು' ಎಂಬಲ್ಲಿ 'ಕಣಿಕೆ' ಎಂದು ಬರೆದಿದ್ದ. ಉತ್ತರಪಟ್ಟಿಯಲ್ಲಿ 'ಮೇವು' ಇತ್ತು. ನಾನು ಕೆಂಪು ಗೆರೆ ಎಳೆದೆ. ಮೇವು ಹಸಿಯೂ ಆದೀತು, ಒಣಗಿದ್ದೂ ಆದೀತು. ಕಣಿಕೆಯೆಂದರೆ ಒಣಗಿದ ಜೋಳದ ದಂಟೇ. ಹೆಚ್ಚು ಸರಿಯಾದ ಪದಕ್ಕೆ ಸೊನ್ನೆ ಕೊಟ್ಟಿದ್ದೆ. ಆಮೇಲೆ ಆತ ತನ್ನೂರಿನ ಪದವೊಂದನ್ನೂ ಬರೆಯಲಿಲ್ಲ.

ಇಂಡಿ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ನನ್ನ ಮಟ್ಟಿಗೆ ಇದಕ್ಕಿಂತ ಮೇಲಾದ ಕೈಪಿಡಿ. ತ್ರಿಪದಿಯೊಂದರ ಒಂದು ಪದವನ್ನು ಬೆರಳಿನಿಂದ ಮುಚ್ಚಿ, ಉಳಿದವುಗಳಿಂದ ಊಹಿಸಿರಿ. ಪ್ರಾಸ, ಲಯ, ಅರ್ಥ ಮೂರೂ ಒಪ್ಪಿದರೆ ಪದ ನಿಮ್ಮದಾಯಿತು.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ಆಡುಮಾತನ್ನು ತಪ್ಪೆನ್ನುವ ಮುನ್ನ ನಾವು ಮಾಸ್ತರರು ಕೆಂಪು ಲೇಖನಿಯನ್ನು ಒಂದು ಗಳಿಗೆ ತಡೆಹಿಡಿಯಬೇಕು.